ಶುಕ್ರವಾರದ ಮಧ್ಯಾಹ್ನಕ್ಕೆ ಎಂಟು ಸ್ಕೋನುಗಳು

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವನ್ನು ವರ್ಜಿಸಬೇಕೆಂಬ ಧರ್ಮಸಭೆಯ ಕಟ್ಟಳೆಯನ್ನು ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳು ತಲೆತಲಾಂತರದಿಂದ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿವೆ. ಆ ನಿಷ್ಠೆಯ ಇನ್ನೊಂದು ಮುಖವನ್ನು ಕಾಣಬಯಸುವವರು ಅದೇ ಶುಕ್ರವಾರದ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋಗಬೇಕು. ಕೋಳಿಮಾಂಸಕ್ಕಿಂತ ಎಷ್ಟೋ ಹೆಚ್ಚಿನ ಬೆಲೆ ತೆತ್ತು ಅಂಜಲನ್ನೂ ಮಾಂಜಿಯನ್ನೂ ಸಿಗಡಿಯನ್ನೂ ಚೀಲಕ್ಕೆ ತುಂಬಿಸಿಕೊಳ್ಳುವವರ ಸಾಲು ಅಲ್ಲಿ ಕಾಣಸಿಗುತ್ತದೆ. ನಿಯಮಕ್ಕೆ ಭಂಗವಿಲ್ಲ, ನಾಲಿಗೆಗೂ ಕಷ್ಟವಿಲ್ಲ. ಈ ಮಾತನ್ನು ಪರರನ್ನು ಆಕ್ಷೇಪಿಸಲು ಬರೆಯುತ್ತಿಲ್ಲ. ಆ ಸಾಲಿನಲ್ಲಿ ಚೀಲ ಹಿಡಿದು ನಿಂತವರಲ್ಲಿ ಈ ಲೇಖಕಿಯೂ ಒಬ್ಬಳು.

ಸರಳವಾದ ಊಟವೆಂದರೆ ಏನು ಎಂಬ ಪ್ರಶ್ನೆ ನನ್ನ ಮುಂದೆ ನಿಜವಾಗಿ ಬಂದು ನಿಂತದ್ದು ನಮ್ಮೂರಿನಲ್ಲಲ್ಲ, 2023ರ ತಪಸ್ಸುಕಾಲದಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಪ್ರೆಸ್ಟನ್ ನಗರದಲ್ಲಿ. ಅಲ್ಲಿ ದಾದಿಯಾಗಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರಲೆಂದು ಆ ವರ್ಷದ ಜನವರಿಯ ಕೊನೆಯಲ್ಲಿ ಹೋಗಿದ್ದೆ. ಪ್ರೆಸ್ಟನ್ ಎಂಬ ಹೆಸರಿಗೆ ‘ಗುರುಗಳ ಊರು’ ಎಂದೇ ಅರ್ಥ. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸೊತ್ತಿಗೆ ರೋಮಿನೊಂದಿಗಿನ ಸಂಬಂಧವನ್ನು ಕಡಿದುಕೊಂಡು ಹಳೆಯ ವಿಶ್ವಾಸದವರ ಮೇಲೆ ದಂಡ, ಸೆರೆವಾಸ, ಮರಣಶಿಕ್ಷೆಗಳನ್ನು ಹೇರಿದ ಕಾಲದಲ್ಲಿ ಬಲಿಪೂಜೆಯನ್ನು ಗುಟ್ಟಾಗಿ ಉಳಿಸಿಕೊಂಡ ಪ್ರಾಂತ್ಯಗಳಲ್ಲಿ ಲ್ಯಾಂಕಾಶೈರ್ ಅಗ್ರಗಣ್ಯವಾದುದು. ನಗರದಲ್ಲಿರುವ ಸಂತ ವಾಲ್ಬರ್ಗಾ ದೇವಾಲಯದ ಶಿಖರದ ಎತ್ತರ 94 ಮೀಟರ್. ಇಂಗ್ಲೆಂಡಿನ ಯಾವ ಧರ್ಮಕೇಂದ್ರದ ದೇವಾಲಯಕ್ಕೂ ಇದಕ್ಕಿಂತ ಎತ್ತರದ ಶಿಖರವಿಲ್ಲ. ಗ್ರೇಟ್ ಬ್ರಿಟನ್ನಿನ ಸಿರೋ ಮಲಬಾರ್ ವಿಶ್ವಾಸಿಗಳಿಗಾಗಿ 2016ರಲ್ಲಿ ಸ್ಥಾಪಿತವಾದ ಧರ್ಮಕ್ಷೇತ್ರದ ಪ್ರಧಾನಾಲಯವೂ ಇದೇ ಊರಿನಲ್ಲಿದೆ. ಹೀಗಾಗಿ ಭಾನುವಾರಗಳಂದು ಸೀರೆಯುಟ್ಟ ಹೆಂಗಸರನ್ನು ಬೀದಿಯಲ್ಲಿ ಕಂಡು ಯಾರೂ ತಿರುಗಿ ನೋಡುವುದಿಲ್ಲ.

ಭಾನುವಾರಗಳಿಗೇನೂ ಕೊರತೆಯಿರಲಿಲ್ಲ. ಕಷ್ಟವಿದ್ದದ್ದು ವಾರದ ಉಳಿದ ದಿನಗಳಲ್ಲಿ. ಮಗಳ ಪಾಳಿ ಹನ್ನೆರಡು ಗಂಟೆಯದು. ಬೆಳಿಗ್ಗೆ ಕತ್ತಲೆಯಲ್ಲೇ ಹೊರಟರೆ ಹಿಂದಿರುಗುವುದು ಕತ್ತಲಾದ ಮೇಲೆ. ಅಳಿಯನೂ ದೂರದ ಕೆಲಸಕ್ಕೆ ಹೋಗುವವರು; ಮೊಮ್ಮಗಳಿಗೆ ಶಾಲೆಯಲ್ಲೇ ಊಟ. ಫ್ರಿಜ್ಜಿನಲ್ಲಿ ಅನ್ನ, ಸಾರು, ಪಲ್ಯಗಳನ್ನು ಡಬ್ಬಿಗಳಲ್ಲಿ ಹೊಂದಿಸಿಟ್ಟು, ಯಾವುದನ್ನು ಎಷ್ಟು ನಿಮಿಷ ಬಿಸಿಮಾಡಬೇಕೆಂದು ಚೀಟಿ ಅಂಟಿಸಿ ಹೋಗುತ್ತಿದ್ದಳು ಮಗಳು. ಪತಿಯ ಅಗಲಿಕೆಯ ನಂತರ ಊರಿನ ಮನೆಯಲ್ಲಿಯೂ ಒಬ್ಬಳೇ ಉಣ್ಣುವುದು ನನಗೆ ರೂಢಿಯಾಗಿತ್ತಷ್ಟೆ. ಆದರೆ ಅಲ್ಲಿ ಕೆಲಸದವಳಾದರೂ ಬಂದು ಹೋಗುತ್ತಾಳೆ, ಬೀದಿಯಲ್ಲಿ ಯಾರಾದರೂ ಕೂಗುತ್ತಾರೆ. ಇಲ್ಲಿ ಕಿಟಕಿಯಾಚೆ ಮಳೆಯ ಹೊರತು ಸದ್ದಿಲ್ಲ. ಮೇಜಿಗೆ ಹೋಗಿ ಕೂರುವುದೂ ವ್ಯರ್ಥವೆನಿಸಿ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತುಕೊಂಡೇ ಡಬ್ಬಿಯಿಂದ ನಾಲ್ಕು ತುತ್ತು ತಿಂದು, ಡಬ್ಬಿಯನ್ನು ತೊಳೆದಿಡುವುದು ಅಭ್ಯಾಸವಾಯಿತು. ಮಗಳಿಗೆ ಈ ವಿಷಯ ತಿಳಿದಿರಲಿಲ್ಲ. ತಿಳಿದಿದ್ದುದು ಪಕ್ಕದ ಮನೆಯವರಿಗೆ.

ಆ ಸಾಲುಮನೆಗಳಲ್ಲಿ ಎರಡು ಅಡಿಗೆಮನೆಗಳ ಕಿಟಕಿಗಳು ಒಂದು ಗಿಡ್ಡ ಬೇಲಿಯ ಮೇಲಿಂದ ಪರಸ್ಪರ ನೋಡುತ್ತವೆ. ಪಕ್ಕದ ಮನೆಯಲ್ಲಿದ್ದವರು 84 ವರ್ಷದ ಒಬ್ಬ ವಿಧವೆ. ತಾಯಿ ಐರ್ಲೆಂಡಿನ ಮೇಯೊ ಸೀಮೆಯಿಂದ ಕೆಲಸವನ್ನರಸಿ ಲ್ಯಾಂಕಾಶೈರಿಗೆ ಬಂದವರಂತೆ. ಮೊದಲ ದಿನವೇ ತಮ್ಮನ್ನು ಹೆಸರು ಹಿಡಿದು ಕರೆಯಬೇಕೆಂದು ಹೇಳಿದರು. ನನಗಿಂತ ಹದಿನಾರು ವರ್ಷ ಹಿರಿಯರಾದವರನ್ನು ಹೆಸರಿನಿಂದ ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ‘ಮಿಸೆಸ್’ ಎಂದು ಕರೆದರೆ ಅವರಿಗೆ ನಗು. ಅವರು ಮಾತ್ರ ಅಲ್ಲಿಯ ವಾಡಿಕೆಯಂತೆ ನನ್ನನ್ನು ‘ಲವ್’ ಎಂದು ಕರೆಯುತ್ತಿದ್ದರು. ಬಸ್ಸಿನ ಚಾಲಕನಿಂದ ತರಕಾರಿ ಅಂಗಡಿಯವನವರೆಗೆ ಎಲ್ಲರೂ ಎಲ್ಲರನ್ನೂ ಹಾಗೆ ಕರೆಯುವ ಊರದು.

ಬೂದಿ ಬುಧವಾರದ ಪೂಜೆಯಿಂದ ಹಿಂದಿರುಗುವಾಗ ಅವರು, ‘ಶುಕ್ರವಾರ ನಮ್ಮಲ್ಲಿಗೆ ಡಿನ್ನರಿಗೆ ಬನ್ನಿ’ ಎಂದು ಆಹ್ವಾನಿಸಿದರು. ಡಿನ್ನರ್ ಎಂದರೆ ರಾತ್ರಿಯ ಊಟವೆಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಷ್ಟೆ. ಶುಕ್ರವಾರ ಸಂಜೆಗೆಂದು ರೇಷ್ಮೆ ಸೀರೆಯನ್ನು ಇಸ್ತ್ರಿ ಮಾಡಿ, ಮಧ್ಯಾಹ್ನ ಯಥಾಪ್ರಕಾರ ತೊಟ್ಟಿಯ ಮುಂದೆ ಡಬ್ಬಿ ಹಿಡಿದು ನಿಂತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಗಂಟೆ ಹನ್ನೆರಡೂವರೆ. ಹಿಟ್ಟು ಮೆತ್ತಿದ ಏಪ್ರನ್ನಿನಲ್ಲಿಯೇ ಅವರು ನಿಂತಿದ್ದರು. ಉತ್ತರ ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಊಟವೇ ಡಿನ್ನರ್, ಸಂಜೆಯ ಊಟಕ್ಕೆ ‘ಟೀ’ ಎಂದು ಹೆಸರು ಎಂಬುದನ್ನು ಆಮೇಲೆ ತಿಳಿದೆ. ಅವರು ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ‘ಮೂರು ವಾರಗಳಿಂದ ನೀವು ನಿಂತು ತಿನ್ನುವುದನ್ನು ನೋಡುತ್ತಿದ್ದೇನೆ ಲವ್. ನಾನೂ ಹಾಗೆಯೇ ತಿನ್ನುತ್ತೇನೆ. ಇವತ್ತು ಇಬ್ಬರೂ ಕೂತು ತಿನ್ನೋಣ’ ಎಂದರು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಸ್ವಲ್ಪ ಕೋಪವೂ ಬಂದಿತೆಂದು ಒಪ್ಪಿಕೊಳ್ಳಬೇಕು.

ಅವರ ಅಡಿಗೆಮನೆಯ ಮೇಜಿನ ಮೇಲೆ ಎರಡು ತಟ್ಟೆಗಳು, ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿಯನ್ನೂ ಆಲೂಗಡ್ಡೆಯನ್ನೂ ಬೇಯಿಸಿ ಮಾಡಿದ ಸೂಪಿನ ಎರಡು ಬಟ್ಟಲುಗಳು. ಓವನ್ನಿನಿಂದ ಆಗ ತಾನೇ ಇಳಿಸಿದ ತಗಡಿನ ಮೇಲೆ ಎಂಟು ಸ್ಕೋನುಗಳು. ಊಟದ ಮುಂಚಿನ ಜಪವನ್ನು ಅವರು ಇಂಗ್ಲಿಷಿನಲ್ಲಿ ಹೇಳಿದರು, ನಾನು ಕೊಂಕಣಿಯಲ್ಲಿ ಹೇಳಿದೆ. ಶಿಲುಬೆಯ ಗುರುತನ್ನು ಇಬ್ಬರೂ ಒಟ್ಟಿಗೆ ಮುಗಿಸಿದೆವು.

ಬಿಷಪರ ಲೇಖನಿಯಲ್ಲಿ ಸ್ಕೋನ್

ಸ್ಕೋನ್ ಎಂದೊಡನೆ ನಮ್ಮಲ್ಲಿ ಕೆಲವರಿಗೆ ದೊಡ್ಡ ಹೋಟೆಲುಗಳ ಮೂರು ಅಂತಸ್ತಿನ ತಟ್ಟೆ, ಜಾಮು, ಗಟ್ಟಿ ಕೆನೆ, ಬೆಳ್ಳಿಯ ಚಹಾಪಾತ್ರೆಗಳು ಕಣ್ಣಮುಂದೆ ಬರಬಹುದು. ಆದರೆ ಆ ವೈಭವ ಈಚಿನದು. ಬೆಡ್‌ಫರ್ಡಿನ ಏಳನೆಯ ಡಚೆಸ್ ಆನ್ನಾ ಎಂಬಾಕೆ 1840ರ ಸುಮಾರಿಗೆ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಭೋಜನಕ್ಕೂ ನಡುವೆ ಹಸಿವು ತಾಳಲಾರದೆ ಚಹಾದೊಂದಿಗೆ ತಿಂಡಿ ತರಿಸಿಕೊಳ್ಳತೊಡಗಿದಳೆಂದೂ, ಅದರಿಂದಲೇ ಸಂಜೆ ಚಹಾದ ಸಂಪ್ರದಾಯ ಹಬ್ಬಿತೆಂದೂ ಹೇಳುತ್ತಾರೆ. ಸ್ಕೋನಿನ ಮೂಲ ಅರಮನೆಯಲ್ಲಿಲ್ಲ. ಸ್ಕಾಟ್ಲೆಂಡಿನ ಬಡವರ ಒಲೆಯ ಮೇಲೆ, ನಮ್ಮ ಕಾವಲಿಯಂತಹ ಕಬ್ಬಿಣದ ಹಂಚಿನಲ್ಲಿ, ಓಟ್ಸ್ ಅಥವಾ ಬಾರ್ಲಿಯ ಹಿಟ್ಟನ್ನು ದಪ್ಪ ರೊಟ್ಟಿಯಂತೆ ತಟ್ಟಿ, ನಾಲ್ಕು ಭಾಗಗಳಾಗಿ ಕತ್ತರಿಸಿ ಬೇಯಿಸಿಕೊಳ್ಳುತ್ತಿದ್ದ ತಿನಿಸದು. ಆ ನಾಡಿನಲ್ಲಿ ಗೋಧಿ ಚೆನ್ನಾಗಿ ಬೆಳೆಯದು. ಓವನ್ ಎಲ್ಲರ ಮನೆಯಲ್ಲಿಯೂ ಇರಲಿಲ್ಲ.

ಈ ಪದವನ್ನು ಮೊತ್ತಮೊದಲು ಬರಹದಲ್ಲಿ ಬಳಸಿದವರು ಕಥೋಲಿಕ ಧರ್ಮಗುರುಗಳೊಬ್ಬರು ಎಂಬುದು ನಮ್ಮ ಓದುಗರಿಗೆ ಕುತೂಹಲವನ್ನುಂಟುಮಾಡಬಹುದು. ಎಡಿನ್‌ಬರೋದ ಸಂತ ಜೈಲ್ಸ್ ದೇವಾಲಯದ ಮುಖ್ಯಸ್ಥರಾಗಿದ್ದು ಮುಂದೆ ಡಂಕೆಲ್ಡಿನ ಧರ್ಮಾಧ್ಯಕ್ಷರಾದ ಗೇವಿನ್ ಡಗ್ಲಸ್ ಅವರು, ರೋಮನ್ ಕವಿ ವರ್ಜಿಲನ ‘ಈನಿಯಡ್’ ಮಹಾಕಾವ್ಯವನ್ನು ಸ್ಕಾಟ್ ಭಾಷೆಗೆ ಅನುವಾದಿಸಿ 1513ರಲ್ಲಿ ಮುಗಿಸಿದರು. ಏಳನೆಯ ಸರ್ಗದಲ್ಲಿ ಟ್ರಾಯ್ ನಗರವನ್ನು ಕಳೆದುಕೊಂಡು ವರ್ಷಗಟ್ಟಲೆ ಕಡಲಲ್ಲಿ ಅಲೆದ ಈನಿಯಸ್ ಮತ್ತು ಆತನ ಸಂಗಡಿಗರು ಇಟಲಿಯ ದಡದಲ್ಲಿ ಒಂದು ಮರದ ಕೆಳಗೆ ಕುಳಿತು ಊಟ ಮಾಡುವ ಪ್ರಸಂಗವಿದೆ. ತಟ್ಟೆಗಳಿಲ್ಲದ ಕಾರಣ ಗೋಧಿಯ ರೊಟ್ಟಿಗಳನ್ನೇ ಹುಲ್ಲಿನ ಮೇಲೆ ಹಾಸಿ ಅವುಗಳ ಮೇಲೆ ಕಾಡುಹಣ್ಣುಗಳನ್ನು ಬಡಿಸಿಕೊಳ್ಳುತ್ತಾರೆ. ಹಣ್ಣು ಮುಗಿದರೂ ಹಸಿವು ತೀರದೆ ರೊಟ್ಟಿಗಳಿಗೂ ಕೈಹಾಕಿದಾಗ, ನಾವು ಮೇಜನ್ನೂ ತಿನ್ನುತ್ತಿದ್ದೇವಲ್ಲ ಎಂದು ಈನಿಯಸನ ಮಗ ನಗೆಯಾಡುತ್ತಾನೆ. ಮೇಜನ್ನು ತಿನ್ನುವಷ್ಟು ಹಸಿದ ದಿನವೇ ನಿಮಗೆ ನೆಲೆ ಸಿಕ್ಕೀತೆಂಬ ಹಳೆಯ ಭವಿಷ್ಯವಾಣಿ ಹೀಗೆ ನಿಜವಾಗುತ್ತದೆ. ಆ ರೊಟ್ಟಿಗಳಿಗೆ ಡಗ್ಲಸ್ ಬಳಸಿದ ಪದ ಸ್ಕೋನ್. ಹೀಗೆ ಈ ತಿನಿಸು ಸಾಹಿತ್ಯವನ್ನು ಪ್ರವೇಶಿಸಿದ್ದೇ ನಿರಾಶ್ರಿತರ ಬಡ ಊಟವಾಗಿ. ನಾನಿದನ್ನು ಹೇಳಿದಾಗ ನೆರೆಮನೆಯವರು ಅರೆಗಳಿಗೆ ಯೋಚಿಸಿ, ಆ ಬಿಷಪರು ಪದವನ್ನು ಹೇಗೆ ಉಚ್ಚರಿಸುತ್ತಿದ್ದರೋ ಎಂದು ಕೇಳಿದರು. ದಕ್ಷಿಣದ ಅನೇಕರು ‘ಸ್ಕೋನ್’ ಎನ್ನುತ್ತಾರೆ. ಉತ್ತರದವರೂ ಸ್ಕಾಟರೂ ‘ಸ್ಕಾನ್’ ಎನ್ನುತ್ತಾರೆ. ಈ ವಿಷಯದಲ್ಲಿ ಅಲ್ಲಿನವರು ತಮಾಷೆಗೆ ಮಾಡುವ ಜಗಳ ಕೆಲವೊಮ್ಮೆ ತಮಾಷೆಯನ್ನು ಮೀರುತ್ತದೆ.

ಜಾಮು ಮೊದಲೋ ಕೆನೆ ಮೊದಲೋ ಎಂಬ ಇನ್ನೊಂದು ಜಗಳವೂ ಪ್ರಸಿದ್ಧವಾದುದು. ಡೆವನ್ ಪ್ರಾಂತ್ಯದವರು ಮೊದಲು ಕೆನೆ ಸವರಿ ಮೇಲೆ ಜಾಮು ಇಡುತ್ತಾರೆ; ಪಕ್ಕದ ಕಾರ್ನ್‌ವಾಲಿನವರು ಜಾಮಿನ ಮೇಲೆ ಕೆನೆ ಇಡುತ್ತಾರೆ. ಕಾರ್ನ್‌ವಾಲಿನ ಗಟ್ಟಿ ಕೆನೆಯಲ್ಲಿ ಕೊಬ್ಬಿನ ಅಂಶ ಕನಿಷ್ಠ ಶೇಕಡಾ 55 ಇರಬೇಕು. ಆ ಕಾರ್ನ್‌ವಾಲಿನ ಗಣಿಗಾರರೇ 1880ರ ನಂತರ ಜಾನ್ ಟೇಲರ್ ಕಂಪೆನಿಯ ಮೂಲಕ ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ನಂತರವೂ ಅವರ ಕಾಲದ ಬಂಗಲೆಗಳು ಅಲ್ಲಿ ನಿಂತಿವೆ. ಅದಿರಲಿ, ಜಾಮಿಗಾಗಲಿ ಕೆನೆಗಾಗಲಿ ನಮ್ಮ ಶುಕ್ರವಾರದ ಮೇಜಿನ ಮೇಲೆ ಸ್ಥಾನವಿರಲಿಲ್ಲ.

ಕೈ ತಣ್ಣಗಿರಬೇಕು, ಅವಸರವಿರಬೇಕು

ಮೂರನೆಯ ಶುಕ್ರವಾರ ನಾನು ಮುಂಚಿತವಾಗಿಯೇ ಹೋಗಿ ಅವರು ಮಾಡುವ ಕ್ರಮವನ್ನು ಕಣ್ಣಾರೆ ನೋಡಿದೆ. ಊಟಕ್ಕೆ ಮಾಡುವ ಸ್ಕೋನಿಗೆ ಸಕ್ಕರೆ ಬೇಡ; ಬದಲು ಚೀಸ್. ಉಬ್ಬುವ ಪುಡಿ ಮೊದಲೇ ಬೆರೆತಿರುವ ಗೋಧಿ ಹಿಟ್ಟು 225 ಗ್ರಾಂ, ಅದಕ್ಕೆ ಇನ್ನೂ ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಅರ್ಧ ಚಮಚ ಸಾಸಿವೆ ಪುಡಿ. ಇದರಲ್ಲಿ ತಣ್ಣನೆಯ ಬೆಣ್ಣೆ 55 ಗ್ರಾಂ ಹಾಕಿ ಬೆರಳ ತುದಿಗಳಿಂದಲೇ ತಿಕ್ಕಬೇಕು. ಹಿಟ್ಟು ಬ್ರೆಡ್ಡಿನ ಪುಡಿಯಂತಾಗಬೇಕು. ಅಂಗೈ ತಗುಲಿದರೆ ಅದರ ಬಿಸಿಗೆ ಬೆಣ್ಣೆ ಕರಗುತ್ತದೆ. ನಂತರ ತುರಿದ ಲ್ಯಾಂಕಾಶೈರ್ ಚೀಸ್ ಎರಡು ಹಿಡಿ. ಬೆರಳಲ್ಲಿ ಹಿಡಿದರೆ ಪುಡಿಪುಡಿಯಾಗುವ, ಸ್ವಲ್ಪ ಹುಳಿಯಿರುವ ಈ ಬಿಳಿ ಚೀಸನ್ನು ಊರಿನವರು ಹೆಮ್ಮೆಯಿಂದ ತಮ್ಮದೆನ್ನುತ್ತಾರೆ. ಕೊನೆಗೆ ಕೆಲವು ಹನಿ ನಿಂಬೆರಸ ಹಿಂಡಿದ ಹಾಲು 150 ಮಿಲಿಲೀಟರ್. ಮಜ್ಜಿಗೆಯಿದ್ದರೆ ಇನ್ನೂ ಒಳ್ಳೆಯದು.

ಇಲ್ಲಿಂದ ಮುಂದೆ ನಮ್ಮ ಚಪಾತಿಯ ಪಾಠವನ್ನು ಪೂರ್ತಿಯಾಗಿ ಮರೆಯಬೇಕು. ಚಪಾತಿಯ ಹಿಟ್ಟನ್ನು ನಾದಿದಷ್ಟೂ ಮೃದು. ಸ್ಕೋನಿನ ಹಿಟ್ಟನ್ನು ನಾದಿದಷ್ಟೂ ಗಟ್ಟಿ. ಹಿಟ್ಟು ಒಂದಾಗುವಷ್ಟು ಮಾತ್ರ ಚಾಕುವಿನಿಂದ ಕಲಸಿ, ಕೈಯಿಂದ ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ದುಂಡನೆಯ ಅಚ್ಚಿನಿಂದ ನೇರವಾಗಿ ಒತ್ತಿ ತೆಗೆಯಬೇಕು. ಅಚ್ಚನ್ನು ತಿರುಚಿದರೆ ಅಂಚು ಅಂಟಿಕೊಂಡು ಸ್ಕೋನು ವಾಲಿಕೊಂಡು ಉಬ್ಬುತ್ತದೆ. ಮೇಲ್ಭಾಗಕ್ಕಷ್ಟೇ ಹಾಲು ಸವರಿ, 220 ಡಿಗ್ರಿ ಶಾಖದಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿದರೆ ಮುಗಿಯಿತು. ಈ ಅವಸರಕ್ಕೆ ಕಾರಣವಿದೆ. ಸೋಡಾ ಮತ್ತು ಆಮ್ಲ ಒದ್ದೆಯಾದ ಕ್ಷಣದಿಂದಲೇ ಇಂಗಾಲದ ಡೈ ಆಕ್ಸೈಡ್ ಹೊರಬರತೊಡಗುತ್ತದೆ. ಹಿಟ್ಟನ್ನು ಕಲಸಿಟ್ಟು ಫೋನಿನಲ್ಲಿ ಹರಟುತ್ತ ನಿಂತರೆ ಆ ಗಾಳಿಯೆಲ್ಲ ಓವನ್ನಿಗೆ ಹೋಗುವ ಮೊದಲೇ ಹಾರಿಹೋಗುತ್ತದೆ. ಯೀಸ್ಟ್ ಇಲ್ಲದೆ ಹಿಟ್ಟನ್ನು ಉಬ್ಬಿಸುವ ಈ ಪುಡಿಯನ್ನು 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಸಿದ್ಧಪಡಿಸಿದ್ದು, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ. ಎರಡು ವರ್ಷಗಳ ನಂತರ ಬ್ರಿಸ್ಟಲಿನ ಹೆನ್ರಿ ಜೋನ್ಸ್ ಆ ಗುಣವನ್ನು ಹಿಟ್ಟಿಗೇ ಸೇರಿಸಿದ. ಅಲ್ಲಿಂದ ಮುಂದೆ ಸ್ಕೋನು ಹಂಚನ್ನು ಬಿಟ್ಟು ಓವನ್ನನ್ನು ಸೇರಿ, ಈಗಿನಂತೆ ಎತ್ತರವಾಯಿತು.

ಬೆಂದ ಸ್ಕೋನನ್ನು ಚಾಕುವಿನಿಂದ ಕೊಯ್ಯಬಾರದು, ಕೈಯಿಂದ ಬಿಡಿಸಬೇಕು ಎಂಬುದು ನೆರೆಮನೆಯವರ ಕಟ್ಟುನಿಟ್ಟು. ಅದರ ಮೇಲೆ ಅವರು ಬೆಣ್ಣೆ ಸವರುತ್ತಿದ್ದ ರೀತಿಯೇ ಬೇರೆ. ಸವರುವುದು, ಮತ್ತೆ ಚಾಕುವಿನಿಂದ ಕೆರೆದು ತೆಗೆಯುವುದು. ಉಳಿಯುವುದು ಬರಿಯ ಹೊಳಪು. ತಪಸ್ಸಿಗಾಗಿಯೇ ಎಂದು ಕೇಳಿದೆ. ಅಲ್ಲವಂತೆ, ಅದು ಬಾಲ್ಯದ ಅಭ್ಯಾಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜನವರಿಯಲ್ಲಿ, ಬೆಣ್ಣೆಗೆ ಪಡಿತರ ಬಂದಿತು. ಬಹುಕಾಲ ತಲೆಗೆ ವಾರಕ್ಕೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ ಮಾತ್ರ. ಯುದ್ಧ ಗೆದ್ದ ಮೇಲೂ ಪಡಿತರ ಮುಗಿಯಲಿಲ್ಲ. ಯುದ್ಧದಲ್ಲಿಯೂ ಮುಕ್ತವಾಗಿ ದೊರೆಯುತ್ತಿದ್ದ ಬ್ರೆಡ್ಡಿಗೆ 1946ರ ಜುಲೈಯಿಂದ 1948ರ ಜುಲೈವರೆಗೆ ಪಡಿತರ ಚೀಟಿ ಬೇಕಾಯಿತು. ಎಲ್ಲ ಬಗೆಯ ಪಡಿತರವೂ ಕೊನೆಗೊಂಡದ್ದು 1954ರ ಜುಲೈ 4ರಂದು. ಆಗ ಇವರಿಗೆ ಹದಿನೈದು ವರ್ಷ. ಬೇಯಿಸಿದ ಆಲೂಗಡ್ಡೆಯನ್ನು ಹಿಟ್ಟಿಗೆ ಬೆರೆಸಿ, ಹುಳಿತ ಹಾಲನ್ನು ಚೆಲ್ಲದೆ ಅದರಲ್ಲಿಯೇ ಕಲಸಿ, ಹಂಚಿನ ಮೇಲೆ ಸ್ಕೋನು ಮಾಡುತ್ತಿದ್ದ ತಾಯಿ, ಪ್ರತಿಯೊಂದರ ಮೇಲೆಯೂ ಮೇಯೊದ ಪದ್ಧತಿಯಂತೆ ಚಾಕುವಿನಿಂದ ಶಿಲುಬೆಯ ಗೀರು ಎಳೆಯುತ್ತಿದ್ದರಂತೆ. ಮಗಳೂ ಆ ಗೀರನ್ನು ಎಳೆಯುತ್ತಾರೆ. ಬಹುಶಃ ಅದಕ್ಕೇ ಇರಬೇಕು, ಅವರ ಸ್ಕೋನುಗಳು ಅಂಗಡಿಯವುಗಳಷ್ಟು ಸುಂದರವಾಗಿರಲಿಲ್ಲ.

ಹಾಗೆ ನೋಡಿದರೆ ಮಧ್ಯಯುಗದ ಧರ್ಮಸಭೆಯ ನಿಯಮದ ಮುಂದೆ ನಮ್ಮ ಈ ಊಟವೂ ಸಲ್ಲುತ್ತಿರಲಿಲ್ಲ. ಆಗ ತಪಸ್ಸುಕಾಲದುದ್ದಕ್ಕೂ ಮಾಂಸದೊಂದಿಗೆ ಹಾಲು, ಬೆಣ್ಣೆ, ಚೀಸ್, ಮೊಟ್ಟೆಗಳೂ ನಿಷಿದ್ಧವಾಗಿದ್ದವು. ಬೂದಿ ಬುಧವಾರದ ಹಿಂದಿನ ದಿನ ಮನೆಯಲ್ಲುಳಿದ ಮೊಟ್ಟೆ ಹಾಲುಗಳನ್ನು ಮುಗಿಸಲೆಂದೇ ಇಂಗ್ಲೆಂಡಿನಲ್ಲಿ ಪ್ಯಾನ್‌ಕೇಕ್ ಮಾಡುವ ರೂಢಿ ಬಂದಿತು. ಫ್ರಾನ್ಸಿನ ರುವಾನ್ ನಗರದಲ್ಲಿ ಬೆಣ್ಣೆ ತಿನ್ನಲು ವಿನಾಯಿತಿ ಪಡೆದವರು ಕೊಟ್ಟ ಕಾಣಿಕೆಯ ನೆರವಿನಿಂದ ಪ್ರಧಾನಾಲಯದ ಒಂದು ಗೋಪುರವನ್ನೇ ಕಟ್ಟಿದರು. ಅದನ್ನು ಇಂದಿಗೂ ಬೆಣ್ಣೆಯ ಗೋಪುರವೆಂದೇ ಕರೆಯುತ್ತಾರೆ. ಈಗಿನ ನಿಯಮ ಹಗುರವಾದುದು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳ ಉಪವಾಸ ಹದಿನೆಂಟರಿಂದ ಅರವತ್ತನೆಯ ವರ್ಷಕ್ಕೆ ಕಾಲಿಡುವವರೆಗೆ. ಮಾಂಸವರ್ಜನೆ ಹದಿನಾಲ್ಕರಿಂದ ಜೀವನಪರ್ಯಂತ. ಇಂಗ್ಲೆಂಡ್ ಮತ್ತು ವೇಲ್ಸಿನ ಧರ್ಮಾಧ್ಯಕ್ಷರು ವರ್ಷದ ಎಲ್ಲ ಶುಕ್ರವಾರಗಳ ಮಾಂಸವರ್ಜನೆಯನ್ನು 2011ರ ಸೆಪ್ಟೆಂಬರ್ 16ರಿಂದ ಪುನಃ ಜಾರಿಗೆ ತಂದರು. ತಾವಂತೂ ಅದನ್ನು ನಿಲ್ಲಿಸಿಯೇ ಇರಲಿಲ್ಲವೆಂದು ನೆರೆಮನೆಯವರು ಹೇಳಿದರು. ಆ ವರ್ಷ ಸಂತ ಪ್ಯಾಟ್ರಿಕರ ಹಬ್ಬ, ಮಾರ್ಚ್ 17, ಶುಕ್ರವಾರದಂದೇ ಬಂದಿತ್ತು. ಐರ್ಲೆಂಡಿನಲ್ಲಿ ಅದು ಮಹೋತ್ಸವವಾದ್ದರಿಂದ ಅಲ್ಲಿಯವರಿಗೆ ಮಾಂಸವರ್ಜನೆಯ ಬಂಧನವಿಲ್ಲ. ತಾಯಿಯ ಕಡೆಯಿಂದ ನೀವೂ ಐರಿಷ್ ಅಲ್ಲವೇ ಎಂದು ನಾನು ಕೆಣಕಿದೆ. ಲ್ಯಾಂಕಾಶೈರಿನಲ್ಲಿ ನಿಂತು ಮೇಯೊದ ವಿನಾಯಿತಿ ಕೇಳಲಾಗದು ಎಂದು ಉತ್ತರಿಸಿ, ಸೂಪಿಗೆ ತಂದ ಮಸಾಲೆ ಬಿಲ್ಲೆಯಲ್ಲಿ ಕೋಳಿಯ ಸಾರವೇನಾದರೂ ಇದೆಯೇ ಎಂದು ಭೂತಗನ್ನಡಿ ಹಿಡಿದು ಓದತೊಡಗಿದರು.

ಅವರ ಕಿಟಕಿಯ ಹಲಗೆಯ ಮೇಲೆ ಕಾಗದದ ಒಂದು ಕಾಣಿಕೆ ಡಬ್ಬಿಯಿತ್ತು. ಪ್ರತಿ ಶುಕ್ರವಾರ ಊಟ ಮುಗಿದೊಡನೆ ಅದರಲ್ಲಿ ನಾಣ್ಯಗಳು ಬೀಳುತ್ತಿದ್ದವು. ಬೇರೆ ದಿನದ ಊಟಕ್ಕೂ ಈ ಊಟಕ್ಕೂ ಇರುವ ಖರ್ಚಿನ ವ್ಯತ್ಯಾಸವನ್ನು ಅಂದಾಜು ಮಾಡಿ ಹಾಕಬೇಕೆಂಬುದು ಪದ್ಧತಿ. ಇದರ ಹಿಂದೆ ಒಂದು ಕಥೆಯಿದೆ. 1960ರ ತಪಸ್ಸುಕಾಲದಲ್ಲಿ ಇಂಗ್ಲೆಂಡಿನ ಕಥೋಲಿಕ ಮಹಿಳಾ ಸಂಘಟನೆಗಳು ಸೇರಿ, ಒಂದು ಶುಕ್ರವಾರ ಕುಟುಂಬದವರೆಲ್ಲ ಸರಳ ಊಟ ಮಾಡಿ ಉಳಿದ ಹಣವನ್ನು ಕೆರಿಬಿಯನ್ ದ್ವೀಪವಾದ ಡೊಮಿನಿಕದ ತಾಯಿ ಮಕ್ಕಳ ಚಿಕಿತ್ಸಾಲಯವೊಂದಕ್ಕೆ ಕಳುಹಿಸಬೇಕೆಂದು ಕರೆಕೊಟ್ಟವು. ಅದು ‘ಕುಟುಂಬ ಉಪವಾಸ ದಿನ’ವೆನಿಸಿತು. ಆ ಅನುಭವದ ಬೆನ್ನಿಗೆ 1962ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ಸ್ಥಾಪಿಸಿದ ಸಂಸ್ಥೆಯೇ ಇಂದು ಹಲವು ದೇಶಗಳಲ್ಲಿ ಸೇವೆ ಸಲ್ಲಿಸುತ್ತಿರುವ ‘ಕಾಫೋಡ್’. ಒಂದು ದೊಡ್ಡ ಸಂಸ್ಥೆ ಗೃಹಿಣಿಯರ ಅಡಿಗೆಮನೆಯ ಲೆಕ್ಕಾಚಾರದಿಂದ ಹುಟ್ಟಿತೆಂಬುದನ್ನು ನಮ್ಮ ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗಳು ಗಮನಿಸಬೇಕು. ನಮ್ಮಲ್ಲಿ ತಪಸ್ಸುಕಾಲದ ಕಾಣಿಕೆ ಲಕೋಟೆಗಳು ಬರುತ್ತವೆ, ತುಂಬಿಯೂ ಹೋಗುತ್ತವೆ. ಆದರೆ ಆ ಹಣ ಊಟದ ತಟ್ಟೆಯಿಂದ ಕಡಿದದ್ದಲ್ಲ, ಬೀರುವಿನಿಂದ ತೆಗೆದದ್ದು. ಅಂಜಲನ್ನು ಬಿಟ್ಟು ಕುಚ್ಚಲಕ್ಕಿ ಗಂಜಿಯನ್ನೂ ಉಪ್ಪಿನಕಾಯಿಯನ್ನೂ ಉಂಡು, ಆ ವ್ಯತ್ಯಾಸವನ್ನು ಲಕೋಟೆಗೆ ಹಾಕಿದ ಶುಕ್ರವಾರ ನನ್ನ ಅರವತ್ತೆಂಟು ವರ್ಷಗಳಲ್ಲಿ ಅದುವರೆಗೆ ಬಂದಿರಲಿಲ್ಲ.

ಎಂಟು ಸ್ಕೋನುಗಳ ಗುಟ್ಟನ್ನು ಅವರು ಹೇಳಿದ್ದು ನಾಲ್ಕನೆಯ ಶುಕ್ರವಾರ. ಸ್ಕೋನು ಮಾಡಿದ ದಿನವೇ ತಿನ್ನಬೇಕಾದ ತಿನಿಸು. ಮರುದಿನಕ್ಕೆ ಒಣಗಿ ಬಿರುಸಾಗುತ್ತದೆ. ಅವರ ಅಳತೆಗೆ ಎಂಟು ಆಗುತ್ತವೆ. ಗಂಡನಿದ್ದಾಗ ಎಂಟೂ ಖರ್ಚಾಗುತ್ತಿದ್ದವು. ಆತ ತೀರಿಕೊಂಡ ಮೇಲೆ ಒಮ್ಮೆ ಮಾಡಿ, ಎರಡನ್ನು ತಿಂದು, ಉಳಿದ ಆರನ್ನು ಎರಡು ದಿನ ನೋಡಿ ನೋಡಿ ಹಕ್ಕಿಗಳಿಗೆ ಹಾಕಿದರಂತೆ. ಅಳತೆಯನ್ನು ಅರ್ಧಕ್ಕೆ ಇಳಿಸಬಹುದಿತ್ತಲ್ಲ ಎಂದೆ. ‘ಇಳಿಸಬಹುದಿತ್ತು. ಆದರೆ ತಕ್ಕಡಿಯ ಮುಂದೆ ನಿಂತು ಅರ್ಧ ತೂಗುವುದು ಆಗಲಿಲ್ಲ’ ಎಂದರು. ಅಚ್ಚನ್ನೂ ತಗಡನ್ನೂ ಕಪಾಟಿನ ಹಿಂದಕ್ಕೆ ತಳ್ಳಿ ಆರು ವರ್ಷಗಳಾಗಿದ್ದವು. ಮತ್ತೆ ತೆಗೆದದ್ದು ಆ ಮೊದಲ ಶುಕ್ರವಾರದ ಬೆಳಿಗ್ಗೆ. ನನಗೆ ಬಂದಿದ್ದ ಕೋಪ ಅಂದು ಹೋಯಿತು. ಚರೆಪ್ತಾದ ವಿಧವೆ ಮಡಕೆಯ ತಳದಲ್ಲಿದ್ದ ಒಂದು ಹಿಡಿ ಹಿಟ್ಟಿನಿಂದ ಪ್ರವಾದಿ ಎಲೀಯನಿಗೆ ಮೊದಲು ರೊಟ್ಟಿ ಸುಟ್ಟುಕೊಟ್ಟ ಕಥೆ ಅರಸುಗಳ ಮೊದಲನೆಯ ಗ್ರಂಥದ 17ನೆಯ ಅಧ್ಯಾಯದಲ್ಲಿದೆ. ಹಿಟ್ಟು ಮುಗಿಯಲಿಲ್ಲವೆಂಬ ಪವಾಡವನ್ನು ಉಪದೇಶಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ಹೆಂಗಸಿಗೆ ಎಷ್ಟೋ ದಿನಗಳ ನಂತರ ತನ್ನ ಒಲೆಯ ಬಳಿ ಊಟಕ್ಕೊಬ್ಬರು ಬಂದರಲ್ಲ ಎಂಬುದು ನನಗೆ ಹೊಳೆದದ್ದು ಆ ಮೇಜಿನ ಮುಂದೆ.

ಐದನೆಯ ಶುಕ್ರವಾರ ಸರದಿ ನನ್ನದಾಯಿತು. ಭಾರತೀಯರ ಅಂಗಡಿಯಿಂದ ಕೆಂಪು ಕುಚ್ಚಲಕ್ಕಿ ತರಿಸಿ ಗಂಜಿ ಮಾಡಿ, ತೆಂಗಿನಕಾಯಿ ಚಟ್ನಿಯನ್ನೂ ಮಾವಿನ ಮಿಡಿಯ ಉಪ್ಪಿನಕಾಯಿಯನ್ನೂ ಇಟ್ಟೆ. ನೆರೆಮನೆಯವರು ಮೊದಲ ಚಮಚವನ್ನು ಬಹಳ ಗೌರವದಿಂದ ನುಂಗಿದರು. ಎರಡನೆಯದಕ್ಕೆ, ಸ್ವಲ್ಪ ಬೆಣ್ಣೆ ಹಾಕಬಹುದೇ ಎಂದು ಕೇಳಿದರು. ಮಿಡಿ ಉಪ್ಪಿನಕಾಯಿಯನ್ನು ಮಾತ್ರ ಮೂರು ಸಲ ಬಡಿಸಿಕೊಂಡರು. ಅಂದು ಮಗಳಿಗೆ ರಜೆಯಿತ್ತು. ಮೂವರೂ ಮೇಜಿಗೆ ಕುಳಿತಿದ್ದೆವು. ಊಟದ ನಡುವೆ ನೆರೆಮನೆಯವರು ತೊಟ್ಟಿಯ ಮುಂದಿನ ನನ್ನ ಊಟದ ಸಂಗತಿಯನ್ನು ಸಹಜವಾಗಿ ಹೇಳಿಬಿಟ್ಟರು. ಮಗಳು ಏನೂ ಹೇಳಲಿಲ್ಲ. ರಾತ್ರಿ ಪಾತ್ರೆಗಳನ್ನು ಒರೆಸುವಾಗ, ‘ಮಮ್ಮಿ, ಪಾಳಿಯಲ್ಲಿ ನಾನೂ ನಿಂತುಕೊಂಡೇ ತಿನ್ನುವುದು’ ಎಂದಳು. ಮರುವಾರದಿಂದ ಫ್ರಿಜ್ಜಿನ ಚೀಟಿಗಳ ಕೆಳಗೆ ‘ಕೂತು ಊಟ ಮಾಡು’ ಎಂಬ ಒಂದು ಸಾಲು ಹೆಚ್ಚಾಗಿತ್ತು. ಅವಳ ಊಟದ ಚೀಲದಲ್ಲಿ ನಾನೂ ಅದೇ ಸಾಲಿನ ಚೀಟಿಯನ್ನಿಟ್ಟೆ.

ಏಪ್ರಿಲ್ 7ರ ಶುಭ ಶುಕ್ರವಾರ ಸೂಪೂ ಇರಲಿಲ್ಲ. ಇಬ್ಬರಿಗೂ ಉಪವಾಸದ ವಯಸ್ಸು ಎಂದೋ ದಾಟಿದ್ದರೂ ಮಧ್ಯಾಹ್ನ ಒಂದೊಂದು ಸ್ಕೋನು, ಹಾಲಿಲ್ಲದ 
ಚಹಾ ಅಷ್ಟೇ. ಆ ದಿನ ಇಂಗ್ಲೆಂಡಿನಲ್ಲೆಲ್ಲ ಶಿಲುಬೆಯ ಗುರುತಿನ ಸಿಹಿ ಬನ್ನುಗಳನ್ನು ತಿನ್ನುವುದು ಸಂಪ್ರದಾಯ. ಕ್ರಿಸ್ಮಸ್ ಮುಗಿದೊಡನೆ ಅಂಗಡಿಗಳಲ್ಲಿ ಅವನ್ನು ಮಾರತೊಡಗುವುದರಿಂದ ಅದರ ಮೇಲೆ ಇವರಿಗೆ ಸಿಟ್ಟು. ಉಳಿದ ಆರು ಸ್ಕೋನುಗಳನ್ನು ಬಟ್ಟೆಯಲ್ಲಿ ಸುತ್ತಿ, ಮೂರು ಗಂಟೆಯ ಆರಾಧನೆಗೆ ಹೋಗುವ ದಾರಿಯಲ್ಲಿ ಎರಡು ಮನೆಗಳಿಗೆ ಕೊಟ್ಟೆವು. ಆ ಎರಡು ಮನೆಗಳಲ್ಲಿಯೂ ಒಬ್ಬೊಬ್ಬರೇ ಇದ್ದರು.

ಊರಿಗೆ ಮರಳಿದ ಮೇಲೆ ಮೈದಾ ಹಿಟ್ಟು, ಮನೆಯ ಮಜ್ಜಿಗೆ, ಅಂಗಡಿಯ ಚೀಸ್ ಹಾಕಿ ಸ್ಕೋನು ಮಾಡಿದೆ. ಮೊದಲ ಸಲದವು ಕಡಪ ಕಲ್ಲಿನ ಚೂರುಗಳಂತಾದವು. ನಮ್ಮ ಸೆಕೆಗೆ ಬೇಕಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿದಾಗ ಬುರುಬುರು ನೊರೆಯೇಳದಿದ್ದರೆ ಆ ಡಬ್ಬಿಯನ್ನು ಎಸೆಯುವುದೇ ಮೇಲು. ಎರಡನೆಯ ಸಲ ಚೆನ್ನಾಗಿ ಬಂದವು. ಎಂಟು ಆಗಿದ್ದರಿಂದ ನಾಲ್ಕನ್ನು ತಟ್ಟೆಯಲ್ಲಿಟ್ಟುಕೊಂಡು ಓಣಿಯ ತುದಿಯ ಮನೆಯ ಬಾಯಮ್ಮನಲ್ಲಿಗೆ ಹೋದೆ. ಮಕ್ಕಳೆಲ್ಲ ಕೊಲ್ಲಿ ದೇಶಗಳಲ್ಲಿದ್ದಾರೆ, ಆಕೆಯೂ ಒಬ್ಬಳೇ. ತಿಂದು ನೋಡಿ, ಬಿಸ್ಕತ್ತೋ ಬನ್ನೋ ತಿಳಿಯಲಿಲ್ಲ, ಮುಂದಿನ ಶುಕ್ರವಾರ ನೀನೇ ಇಲ್ಲಿಗೆ ಗಂಜಿಗೆ ಬಾ ಎಂದಳು. ಹೋಗುತ್ತಿದ್ದೇನೆ.

ಪ್ರೆಸ್ಟನ್ನಿನಿಂದ ಮಗಳ ಫೋನಿನಲ್ಲಿ ನೆರೆಮನೆಯವರೂ ಆಗಾಗ ಮಾತಾಡುತ್ತಾರೆ. ಅವರ ಶುಕ್ರವಾರದ ಮೇಜಿಗೆ ಈಗ ಕೇರಳದ ಒಬ್ಬ ದಾದಿ ಬರುತ್ತಾಳಂತೆ, ರಜೆಯಿದ್ದಾಗ ನನ್ನ ಮಗಳೂ ಹೋಗುತ್ತಾಳೆ. ಕಳೆದ ಸಲ ಅವರು ಕುಚ್ಚಲಕ್ಕಿ ಗಂಜಿಯನ್ನು ಬೇಯಿಸುವ ಕ್ರಮವನ್ನು ಬರೆದುಕೊಂಡರು. ಕುಕ್ಕರಿನಲ್ಲಿ ಐದು ಸೀಟಿ ಎಂದೆ. ಸೀಟಿಯೆಂದರೇನೆಂದು ಅವರಿಗೆ ತಿಳಿಯಲಿಲ್ಲ; ಅವರ ಕುಕ್ಕರ್ ಸದ್ದು ಮಾಡುವುದಿಲ್ಲವಂತೆ. ದಪ್ಪ ತಳದ ಪಾತ್ರೆಯಲ್ಲಿ ಅಕ್ಕಿ ಅರಳುವವರೆಗೆ, ಒಂದು ಗಂಟೆಯಾದರೂ ಬೇಯಲಿ ಎಂದು ಹೇಳಿದ್ದೇನೆ.